ಪಾಯಿಂಟುಗಳ ಹಂಪಿ

‘ಒಂದು ದಿನ ಸಾಕು ಸರ. ಎಲ್ಲಾ ಪಾಯಿಂಟು ಕವರ್ ಮಾಡಿಸಿ ರಾತ್ರಿ ಗಾಡಿಗೆ ತಂದು ಬಿಡ್ತೀನಿ.’ ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್ಸಿನಿಂದ ಹೊಸಪೇಟೆಯಲ್ಲಿ ಇಳಿದವರ ಕಿವಿಗೆ ಮೊದಲು ಬೀಳುವ ಮಾತಿದು. ಆಡುವವನು ಟ್ಯಾಕ್ಸಿ ಚಾಲಕ, ನಿಜ. ಅವನಿಗೆ ಅದನ್ನು ಕಲಿಸಿದವರು ಮಾತ್ರ ನಾವು. ಶನಿವಾರ ಹಂಪಿ, ಭಾನುವಾರ ಬಾದಾಮಿ ಎಂದು ರಜೆ ಹೊಂದಿಸುವ ಬೆಂಗಳೂರಿನವರು, ಡಿಸೆಂಬರಿನಲ್ಲಿ ಮೂರು ದಿನಕ್ಕೆ ನಾಲ್ಕು ಜಿಲ್ಲೆ ಮುಗಿಸುವ ಶಾಲಾ ಪ್ರವಾಸದ ಮೇಷ್ಟ್ರುಗಳು, ‘ಅಲ್ಲೇನೈತಿ, ಬರೇ ಕಲ್ಲು’ ಎಂದು ನೆಂಟರನ್ನು ಕಳಿಸಿಕೊಡುವ ಹೊಸಪೇಟೆಯ ಮನೆಗಳವರು, ಎಲ್ಲರದೂ ಒಂದೇ ಮಾತು. ಕಾರು ಮಾಡಿಕೊಂಡು, ಒಬ್ಬ ಗೈಡನ್ನು ಕೂರಿಸಿಕೊಂಡು, ಒಂಬತ್ತಕ್ಕೆ ಹೊರಟು ಆರಕ್ಕೆ ಹಂಪಿಯನ್ನು ಮುಗಿಸಿ ಬರುವುದೇ ಜಾಣತನ ಎಂಬುದು ಈಗ ಯಾರೂ ಪ್ರಶ್ನಿಸದ ನಂಬಿಕೆ. ಹಂಪಿಗೆ ಹೋಗಿಯೂ ಹಂಪಿ ನೋಡದೆ ಬರಲು ಇದಕ್ಕಿಂತ ದುಬಾರಿಯಾದ ದಾರಿ ನನಗೆ ತಿಳಿಯದು.

ಹಾಗಂತ ‘ಹಂಪಿಗೆ ಕನಿಷ್ಠ ಒಂದು ವಾರ ಬೇಕು’ ಎನ್ನುವವರ ಪಕ್ಷವೂ ನನ್ನದಲ್ಲ. ಅದು ರಜೆಯೂ ರೊಕ್ಕವೂ ಇದ್ದವರ ಜಂಬ. ಚೈತ್ರದ ತೇರಿಗೆ ಟ್ರ್ಯಾಕ್ಟರಿನಲ್ಲಿ ಬಂದು, ಹೊಳೆಯಲ್ಲಿ ಮಿಂದು, ವಿರೂಪಾಕ್ಷನಿಗೆ ಕಾಯಿ ಒಡೆಸಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ರಾತ್ರಿ ಊರಿಗೆ ಹಿಂದಿರುಗುವ ರೈತ ಕುಟುಂಬದ್ದೂ ಒಂದೇ ದಿನದ ಪ್ರವಾಸ. ಅವರ ಮೇಲೆ ನನ್ನ ತಕರಾರಿಲ್ಲ. ಅವರು ಒಂದು ದೇವರು, ಒಂದು ಹೊಳೆ, ಒಂದು ಬೀದಿ ಎಂದು ಬರುತ್ತಾರೆ, ಅಷ್ಟನ್ನೂ ಪೂರ್ತಿ ಪಡೆದು ಹೋಗುತ್ತಾರೆ. ನನ್ನ ಜಗಳ ದಿನದ ಜೊತೆಗಲ್ಲ, ಆ ದಿನಕ್ಕೆ ತುರುಕುವ ಪಟ್ಟಿಯ ಜೊತೆಗೆ.

ಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ಹೇಮಕೂಟ, ವಿರೂಪಾಕ್ಷ, ಕೃಷ್ಣ ದೇವಸ್ಥಾನ, ಉಗ್ರನರಸಿಂಹ, ಬಡವಿಲಿಂಗ, ನೆಲದೊಳಗಿನ ಶಿವಾಲಯ, ಹಜಾರರಾಮ, ಮಹಾನವಮಿ ದಿಬ್ಬ, ಕಮಲ ಮಹಲು, ಆನೆಲಾಯ, ರಾಣಿಯರ ಸ್ನಾನಗೃಹ, ಕಮಲಾಪುರದ ಮ್ಯೂಸಿಯಂ, ಕೊನೆಗೆ ವಿಜಯ ವಿಠ್ಠಲ. ಚಾಲಕ ಉದಾರಿಯಾದರೆ ಇನ್ನೂ ಮೂರು. ಹದಿನೆಂಟು ಎಂದೇ ಹಿಡಿಯೋಣ. ಒಂಬತ್ತರಿಂದ ಆರಕ್ಕೆ ಒಂಬತ್ತು ತಾಸು. ಊಟಕ್ಕೊಂದು ತಾಸು ಹೋಯಿತು. ವಿಠ್ಠಲಕ್ಕೆ ಕಾರು ಹೋಗುವುದಿಲ್ಲ, ಬ್ಯಾಟರಿ ಗಾಡಿಯ ಸಾಲಿನಲ್ಲಿ ನಿಂತು ಹೋಗಿಬರಲು ಇನ್ನೊಂದು. ಕಾರು ಹತ್ತಿ ಇಳಿದು, ಚಪ್ಪಲಿ ಬಿಟ್ಟು ಹಾಕಿ, ಎಳನೀರು ಕುಡಿದು ಎರಡು ತಾಸು. ಉಳಿದದ್ದು ಐದು. ವಿರೂಪಾಕ್ಷನಿಗೂ ವಿಠ್ಠಲನಿಗೂ ಮುಕ್ಕಾಲು ಮುಕ್ಕಾಲು ತಾಸು ತೆಗೆದಿಟ್ಟರೆ ಮಿಕ್ಕ ಹದಿನಾರಕ್ಕೆ ತಲಾ 13 ನಿಮಿಷ.

ಹಜಾರರಾಮ ದೇವಸ್ಥಾನದಲ್ಲಿ 13 ನಿಮಿಷದಲ್ಲಿ ಏನಾಗುತ್ತದೆ ನೋಡಿ. ಮುಖ್ಯ ಗುಡಿಯ ಹೊರಗೋಡೆಯ ಮೇಲೆ ರಾಮಾಯಣವನ್ನು ಒಂದರ ಮೇಲೊಂದು ಮೂರು ಸಾಲಾಗಿ ಕೆತ್ತಿದ್ದಾರೆ. ಕತೆ ಅನುಕ್ರಮವಾಗಿ ಸಿಗಬೇಕಾದರೆ ಗುಡಿಯನ್ನು ಮೂರು ಸುತ್ತು ಹಾಕಲೇಬೇಕು. ನೋಡುವವನು ನಡೆಯುತ್ತಾನೆ, ತಿರುಗಿ ಬರುತ್ತಾನೆ, ಕತ್ತೆತ್ತುತ್ತಾನೆ ಎಂದು ಭರವಸೆಯಿಟ್ಟೇ ಕಲ್ಲುಕುಟಿಗ ಉಳಿ ಹಿಡಿದದ್ದು. ಹೊರಗಿನ ಪ್ರಾಕಾರದ ಗೋಡೆಯ ಮೇಲೆ ಬೇರೆಯೇ ಲೋಕವಿದೆ: ಆನೆಗಳ ಸಾಲು, ಕುದುರೆಗಳ ಸಾಲು, ಸೈನಿಕರು, ಕುಣಿಯುವ ಹೆಂಗಸರು. ನಮ್ಮ ಕಾರಿನ ಪ್ರವಾಸಿ ಒಳಗಿನ ನಾಲ್ಕು ಕಪ್ಪು ಕಂಬಗಳ ಮುಂದೆ ಫೋಟೊ ಹೊಡೆಸಿಕೊಂಡು, ಹೊರಗಿನ ಗೋಡೆಯನ್ನು ಕಾರಿನ ಕಡೆ ನಡೆಯುತ್ತಲೇ ನೋಡಿ, ಮಹಾನವಮಿ ದಿಬ್ಬಕ್ಕೆ ಹೊರಡುತ್ತಾನೆ. ಕತೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಕೇಳಿದರೆ ‘ರಾಮಾಯಣ ಇತ್ತು’ ಎನ್ನುತ್ತಾನೆ. ಇತ್ತಪ್ಪಾ, ಸರಿ.

ಅವಸರದಿಂದ ಇನ್ನೊಂದು ಕೆಡುಕಾಗಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖಚಿತವಾದ ಕತೆ ಹೇಳಲು ಎರಡು ನಿಮಿಷ ಸಾಕು, ಅನುಮಾನವನ್ನು ವಿವರಿಸಲು ಹತ್ತು ನಿಮಿಷ ಬೇಕು. ಹಾಗಾಗಿ ಹಂಪಿಯಲ್ಲಿ ಅನುಮಾನಗಳೆಲ್ಲ ಸತ್ತು ಖಚಿತ ಕತೆಗಳು ಬದುಕಿಕೊಂಡಿವೆ. ಕಮಲ ಮಹಲಿನ ಮುಂದೆ ನಿಂತ ಗೈಡು ‘ಇದು ರಾಣಿಯರ ಬೇಸಿಗೆ ಅರಮನೆ’ ಎಂದು ಮುಗಿಸುತ್ತಾನೆ. ಆ ಹೆಸರು ಈಚಿನವರು ಇಟ್ಟದ್ದು. ಅದಕ್ಕೂ ಮೊದಲು, 1799ರಲ್ಲಿ ಕಾಲಿನ್ ಮೆಕೆಂಜಿ ತಯಾರಿಸಿದ ನಕ್ಷೆಯ ಪ್ರಕಾರ ಅದೇ ಕಟ್ಟಡ ರಾಜನ ಆಲೋಚನಾ ಸಭೆ. ಯಾವುದು ಸರಿ? ಆ ಪ್ರಶ್ನೆ ಕೇಳುತ್ತ ಆ ಅಂಗಳದಲ್ಲಿ ಅರ್ಧ ತಾಸು ಕೂರುವುದೇ ನೋಡುವುದು. ಕೂರಲು ಬಿಡುವುದಿಲ್ಲ, ಆನೆಲಾಯ ಕಾಯುತ್ತಿದೆ.

ಎರಡು ನಿಮಿಷದ ಕತೆಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ‘ಹಿಂದೂಗಳು ಕಟ್ಟಿದರು, ಮುಸ್ಲಿಮರು ಕೆಡವಿದರು’ ಎಂಬುದು. ಕಾರಿನ ಹಿಂದಿನ ಸೀಟಿಗೆ ಇದು ಬಹಳ ಹಿತವಾಗಿ ಹೊಂದುತ್ತದೆ. ಆದರೆ ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ರಸ್ತೆಯ ಆಸುಪಾಸಿನಲ್ಲೇ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿಯಿದೆ. ಇಮ್ಮಡಿ ದೇವರಾಯನಿಗೆ ಪುಣ್ಯವಾಗಲಿ ಎಂದು ಈ ಧರ್ಮಶಾಲೆ ಕಟ್ಟಿಸಿದೆನೆಂದು ಅವನು ಶಾಸನ ಹಾಕಿಸಿದ್ದಾನೆ, ಅದೂ ಕನ್ನಡದಲ್ಲಿ. ಗೋಪುರವಿಲ್ಲ, ಮಿನಾರಿಲ್ಲ, ನೋಡಲು ಒಂದು ಸಾದಾ ಮಂಟಪ. ಸುತ್ತ ಗೋರಿಗಳಿವೆ. ಇದು ಯಾವ ಪಟ್ಟಿಯಲ್ಲೂ ಇಲ್ಲ. ಇದ್ದಿದ್ದರೆ ಕಾರಿನೊಳಗಿನ ಕತೆ ಅಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ. ಅದೇ ಕಮಲಾಪುರದಿಂದ ಕಂಪ್ಲಿ ರಸ್ತೆ ಹಿಡಿದರೆ ಗಾಣಗಿತ್ತಿ ಗುಡಿ ಸಿಗುತ್ತದೆ. 1385ರಲ್ಲಿ ಹರಿಹರನ ದಂಡನಾಯಕ ಇರುಗಪ್ಪ ಕಟ್ಟಿಸಿದ ಜೈನ ಬಸದಿ ಅದು. ಅಲ್ಲಿ ನಿಂತ ಕಾರುಗಳನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದು.

ಇದೆಲ್ಲ ಬಿಟ್ಟುಹೋದ ಕಟ್ಟಡಗಳ ಮಾತಾಯಿತು. ಪಟ್ಟಿ ಉದ್ದ ಮಾಡಿದರೆ ಸರಿಹೋದೀತು ಎಂದು ಯಾರಾದರೂ ಹೇಳಬಹುದು. ಹೋಗುವುದಿಲ್ಲ. ಬಡವಿಲಿಂಗದ ಮುಂದೆ ಒಂದು ಗಳಿಗೆ ನಿಲ್ಲಿ. ಉಗ್ರನರಸಿಂಹನ ಪಕ್ಕದಲ್ಲೇ ಇರುವುದರಿಂದ ಎಲ್ಲರೂ ಹಣಕಿ ನೋಡುತ್ತಾರೆ. ಸೂರಿಲ್ಲದ ಗುಡಿ, ನೀರಿನಲ್ಲಿ ನಿಂತ ಆಳೆತ್ತರ ಮೀರಿದ ಲಿಂಗ. ತಳದ ನೀರಿನಲ್ಲಿ ನಾಣ್ಯ ಎಸೆದು ಹೋಗುತ್ತಾರೆ. ಆ ನೀರು ಎಲ್ಲಿಂದ ಬಂತು ಎಂದು ಕೇಳುವವರನ್ನು ನಾನು ಕಂಡಿದ್ದು ಕಡಿಮೆ. ಅದು ಮಳೆಯ ನೀರಲ್ಲ, ಕಾಲುವೆ ನೀರು. ಗುಡಿಯ ಬೆನ್ನಿಗೇ ಕಾಲುವೆ ಹರಿಯುತ್ತದೆ. ಹೊಳೆಗೆ ಅಡ್ಡಲಾಗಿ ವಿಜಯನಗರದವರು ಬಂಡೆ ಜೋಡಿಸಿ ಕಟ್ಟಿದ ಅಣೆಕಟ್ಟಿನಿಂದ ಹೊರಟ ಆ ನೀರು ಬಂಡೆಗಳ ಸಂದಿನಲ್ಲಿ ನುಸುಳಿ, ಬಾಳೆಗೆ, ಭತ್ತಕ್ಕೆ, ಕಬ್ಬಿಗೆ ಹರಿದುಹೋಗುತ್ತದೆ. ಐನೂರು ವರ್ಷದ ಮೇಲೂ ತೂಬು ಎತ್ತಿದರೆ ಗದ್ದೆಗೆ ನೀರು ಬರುತ್ತದೆ. ವಿರೂಪಾಕ್ಷನ ಗುಡಿ ಬಿಟ್ಟರೆ ಹಂಪಿಯಲ್ಲಿ ಹಾಳಾಗದೆ, ಕಟ್ಟಿದವರು ಬಯಸಿದ ಕೆಲಸವನ್ನೇ ಇವತ್ತಿಗೂ ಮಾಡುತ್ತಿರುವುದು ಈ ಕಾಲುವೆಗಳು. ಪಟ್ಟಿಯಲ್ಲಿ ಅವಕ್ಕೊಂದು ನಂಬರಿಲ್ಲ.

ಅಲ್ಲಿಂದ ಹಜಾರರಾಮದ ಕಡೆ ಹೊರಟ ಕಾರು ಗದ್ದೆ ತೋಟಗಳ ನಡುವೆ ಹಾಯುತ್ತದೆ. ಪ್ರವಾಸಿ ಮೊಬೈಲು ತೆಗೆಯುವುದು ಆಗಲೇ. ಒಂದು ಪಾಯಿಂಟು ಮುಗಿದು ಇನ್ನೊಂದು ಬರುವ ತನಕದ ಖಾಲಿ ಜಾಗವೆಂದು ಅವನ ಎಣಿಕೆ. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯ ಬಗ್ಗೆ ಬರೆಯುತ್ತ ಹೊರಗಿನ ಸುತ್ತುಗಳ ನಡುವೆ ಹೊಲಗಳು, ತೋಟಗಳು, ಮನೆಗಳು ಇದ್ದದ್ದನ್ನು ದಾಖಲಿಸಿದ್ದಾನೆ. ಬೇರೆ ರಾಜರು ಕಣಜವನ್ನು ಕೋಟೆಯೊಳಗೆ ಇಟ್ಟುಕೊಂಡರೆ ಇವರು ಹೊಲವನ್ನೇ ಕೋಟೆಯೊಳಗೆ ಎಳೆದುಕೊಂಡಿದ್ದರು. ವಿರೂಪಾಕ್ಷನ ಕಡೆಯ ದೇವಾಲಯಗಳ ನೆಲಕ್ಕೂ ಅರಮನೆಗಳ ನೆಲಕ್ಕೂ ನಡುವಿನ ಈ ನೀರಾವರಿ ಕಣಿವೆ ರಾಜಧಾನಿಯ ಹೊಟ್ಟೆ. ಮುತ್ತಿಗೆ ಬಿದ್ದರೂ ಊರು ಉಣ್ಣುತ್ತಿದ್ದುದು ಇಲ್ಲಿಂದ. ನಾವು ಹವಾನಿಯಂತ್ರಿತ ಕಾರಿನಲ್ಲಿ ಕಿಟಕಿ ಏರಿಸಿಕೊಂಡು ದಾಟುವುದು ಅದನ್ನೇ. ಹದಿನೆಂಟು ಪಾಯಿಂಟಿಗೆ ಇನ್ನೂ ಹದಿನೆಂಟು ಸೇರಿಸಿದರೂ ಕೈತಪ್ಪುವುದು ಯಾವುದೆಂದರೆ, ಅವುಗಳ ನಡುವೆ ಇರುವ ಊರು.

ಹೊಸಪೇಟೆಯ ಗತಿಯೂ ಇದೇ. ಪ್ರವಾಸಿಯ ಪಾಲಿಗೆ ಅದು ಲಾಡ್ಜು, ಬಸ್‌ಸ್ಟ್ಯಾಂಡು, ಬೆಳಗಿನ ಒಗ್ಗರಣಿ ಮಿರ್ಚಿ. ಕೃಷ್ಣದೇವರಾಯ ನಾಗಲಾಪುರ ಎಂದು ಹೆಸರಿಟ್ಟು ಕಟ್ಟಿಸಿದ ಹೊಸ ಊರೇ ಇದು ಎಂದರೆ ನಂಬುವುದಿಲ್ಲ. ಊರಿನ ಅಂಚಿಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಅವನು ಮಾಡಿಸಿದ ಕೆರೆಯನ್ನು ಈಗಲೂ ರಾಯರ ಕೆರೆ ಎನ್ನುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಆ ಕೆಲಸ ನಡೆಯುವಾಗಲೇ ನೋಡಿದ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡಿದ್ದರಂತೆ, ಅವರು ನಿಂತ ನೆಲವೇ ಕಾಣುತ್ತಿರಲಿಲ್ಲವಂತೆ. ಎರಡು ಮೂರು ಸಲ ಏರಿ ಒಡೆಯಿತು, ನರಬಲಿ ಕೊಟ್ಟರು ಎಂದೂ ಬರೆದಿದ್ದಾನೆ. ‘ಕೆರೆಗೆ ಹಾರ’ವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಭಾಗೀರಥಿಗಾಗಿ ಕಣ್ಣೊರೆಸಿಕೊಂಡ ನಾವು, ಅಂಥದ್ದೇ ಒಂದು ಕೆರೆಯ ಪಕ್ಕದಲ್ಲಿ ರೂಮು ಮಾಡಿ ಅದನ್ನು ನೋಡದೆ ಹಂಪಿಗೆ ಓಡುತ್ತೇವೆ. ಓಡುವ ದಾರಿಯಲ್ಲೇ ಅನಂತಶಯನಗುಡಿ ಬರುತ್ತದೆ. 1524ರ ದೇವಸ್ಥಾನ, ಮಲಗಿದ ದೇವರಿಗೆಂದೇ ಉದ್ದುದ್ದ ಗರ್ಭಗುಡಿ, ಅದರ ಮೇಲೆ ಅಪರೂಪದ ಎತ್ತರದ ಕಮಾನು ಶಿಖರ. ಒಳಗೆ ದೇವರಿಲ್ಲ. ಹೂವಿನಹಡಗಲಿ ಕಡೆಯ ಹೊಳಲಿನಿಂದ ಹೊರಡಲು ಅವನು ಒಪ್ಪಲಿಲ್ಲವೆಂದು ಕತೆ. ಕಾರು ಇಲ್ಲಿ ನಿಲ್ಲುವುದಿಲ್ಲ, ಅದಕ್ಕಾಗಲೇ ತಡವಾಗಿರುತ್ತದೆ.

ಕಂಪ್ಲಿ, ಸಂಡೂರುಗಳ ಮಾತಂತೂ ಎತ್ತುವಂತೆಯೇ ಇಲ್ಲ. ಮೊಲ ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತು, ಗಂಡುನೆಲವೆಂದು ತಿಳಿದು 1336ರಲ್ಲಿ ರಾಜಧಾನಿ ಕಟ್ಟಿದರು ಎಂದು ಗೈಡು ಶುರುಮಾಡುತ್ತಾನೆ. ಅದಕ್ಕೆ ಒಂಬತ್ತೇ ವರ್ಷ ಹಿಂದೆ, 1327ರಲ್ಲಿ, ತುಘಲಕನ ಸೈನ್ಯದ ಎದುರು ಕಂಪಿಲರಾಯನ ರಾಜ್ಯ ಮಣ್ಣುಗೂಡಿತ್ತು. ಅವನ ಮಗ ಕುಮಾರರಾಮನ ಹಾಡು ಈ ಸೀಮೆಯಲ್ಲಿ ಇನ್ನೂ ಉಳಿದಿರುವುದು ಅದಕ್ಕೇ. ಆ ಕತೆಯ ಹೊಸಮಲೆದುರ್ಗ ಸಂಡೂರಿನ ಬೆಟ್ಟಗಳ ಕಡೆಯದೆನ್ನುತ್ತಾರೆ. ಅಂದರೆ ವಿಜಯನಗರದ ಕತೆ ಮೊಲದಿಂದಲ್ಲ, ಕಂಪ್ಲಿಯ ಸೋಲಿನಿಂದ ಶುರುವಾಗಬೇಕು. ಹೊಸಪೇಟೆಯಿಂದ ಮೂವತ್ತು ಕಿ.ಮೀ. ಆಸುಪಾಸಿನ ದಾರಿ. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಮುಳುಗಿದ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಅದೇ ನೀರು ಮುಂದೆ ಹೋಗಿ ಕಂಪ್ಲಿ ಸೇತುವೆಯನ್ನು ಮುಳುಗಿಸಿ ಗಂಗಾವತಿ ಸಂಚಾರ ನಿಲ್ಲಿಸುತ್ತದೆ. ಸಂಡೂರಿನ ಕುಮಾರಸ್ವಾಮಿ, ಪಾರ್ವತಿ ಗುಡಿಗಳು ವಿಜಯನಗರಕ್ಕಿಂತ ಶತಮಾನಗಳಷ್ಟು ಹಳೆಯವು. ಆ ಬೆಟ್ಟದ ಸುತ್ತ ಅದಿರಿಗಾಗಿ ಬಗೆದ ಕೆಂಪು ಗಾಯಗಳಿವೆ, ಊರಿನಲ್ಲಿ ಲಂಬಾಣಿ ಹೆಂಗಸರ ಕಸೂತಿಯಿದೆ. ಆಡಳಿತದ ನಕ್ಷೆಯೂ ಈ ನೆಲವನ್ನು ಹರಿದು ಹಂಚಿಬಿಟ್ಟಿದೆ. 2021ರಿಂದ ಹಂಪಿ, ಹೊಸಪೇಟೆ ವಿಜಯನಗರ ಜಿಲ್ಲೆಗೆ, ಕಂಪ್ಲಿ, ಸಂಡೂರು ಬಳ್ಳಾರಿಗೆ, ಹೊಳೆಯಾಚೆಯ ಆನೆಗೊಂದಿ ಅದಕ್ಕೂ ಮೊದಲಿನಿಂದಲೇ ಕೊಪ್ಪಳದ ಕಡೆಗೆ.

‘ನೋಡುವವರು ಹೇಗಾದರೂ ನೋಡಲಿ, ನಿಮಗೇನು ಕಷ್ಟ’ ಎಂದು ಕೇಳುವವರಿದ್ದಾರೆ. ಕಷ್ಟ ನನಗಲ್ಲ, ಆ ಊರಿನವರಿಗೆ. ಪಾಯಿಂಟುಗಳ ನಡುವೆ ಏನೂ ಇಲ್ಲ ಎನ್ನುವ ಕಣ್ಣು ಪ್ರವಾಸಿಗೆ ಮಾತ್ರ ಇರುವುದಲ್ಲ, ಕಚೇರಿಗಳಲ್ಲೂ ಅದೇ ಕಣ್ಣು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 4,187 ಹೆಕ್ಟೇರ್, 1,600ಕ್ಕೂ ಹೆಚ್ಚು ಅವಶೇಷಗಳು ಎಂದು ಯುನೆಸ್ಕೊ ದಾಖಲೆ ಹೇಳುತ್ತದೆ. 2011ರ ಜುಲೈನಲ್ಲಿ ವಿರೂಪಾಕ್ಷನ ಎದುರಿನ ಬಜಾರಿಗೆ ಜೆಸಿಬಿ ಬಂತು. ಸಾಲುಮಂಟಪಗಳಲ್ಲಿ ಅಂಗಡಿ, ಮನೆ, ಹೋಟೆಲು ಮಾಡಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದು, ಮುಂದೆ ಕಡ್ಡಿರಾಂಪುರದ ಕಡೆ ಜಾಗ ಕಾಯುತ್ತ ಕೂತವು. ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದು, ಕಲ್ಲಿಗೆ ಸಿಮೆಂಟು ಮೆತ್ತಿದ್ದು ಸುಳ್ಳಲ್ಲ. ಸಂರಕ್ಷಣೆಯವರ ಸಿಟ್ಟಿಗೆ ಕಾರಣವಿತ್ತು. ಆದರೆ ರಥಬೀದಿ ಎಂದರೆ ಕಂಬಗಳು, ಜನ ಎಂದರೆ ಅತಿಕ್ರಮಣ ಎಂದು ಒಮ್ಮೆ ಎಣಿಸಿದ ಮೇಲೆ ಮಧ್ಯದ ದಾರಿ ಹುಡುಕುವ ಶ್ರಮ ಯಾರೂ ಪಡುವುದಿಲ್ಲ. ಬಜಾರೆಂದೇ ಕಟ್ಟಿದ ಬೀದಿಯಲ್ಲಿ ವ್ಯಾಪಾರ ನಿಂತುಹೋಯಿತು. ಅದೇ ಜುಲೈನಲ್ಲೇ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತ್ತು. ಇಡೀ ಜಿಲ್ಲೆಯ ಗಮನ ಸಂಡೂರಿನ ಕಡೆಗಿತ್ತು, ಬಜಾರಿನ ಅಳು ಕೇಳಿದವರು ಕಡಿಮೆ. 2020ರಲ್ಲಿ ಹೊಳೆಯಾಚೆ ವಿರೂಪಾಪುರಗಡ್ಡೆಯ ವಸತಿಗೃಹಗಳ ಸರದಿ. ಈಗ ಹಂಪಿಯಲ್ಲಿ ರಾತ್ರಿ ತಂಗಲು ಜಾಗ ಹುಡುಕಬೇಕು. ತಂಗಲು ಜಾಗವಿಲ್ಲದ ಕಡೆ ‘ಒಂದು ದಿನ ಸಾಕು’ ಎನ್ನುವುದು ಸಲಹೆಯಾಗಿ ಉಳಿಯುವುದಿಲ್ಲ, ಕಾನೂನಾಗುತ್ತದೆ.

ಚಾಲಕರ, ಗೈಡುಗಳ ಹೊಟ್ಟೆಪಾಡಿನ ಮಾತು ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಚಾಲಕನಿಗೆ ಸಿಗುವುದು ದಿನದ ಬಾಡಿಗೆ. ಹದಿನೆಂಟು ತೋರಿಸಿದರೂ ಅಷ್ಟೇ, ನಾಲ್ಕು ತೋರಿಸಿದರೂ ಅಷ್ಟೇ. ನಾಲ್ಕೇ ತೋರಿಸಿದರೆ ಡೀಸೆಲ್ಲು ಉಳಿಯುತ್ತದೆ. ಪ್ರವಾಸಿ ಮರುದಿನ ಉಳಿದರೆ ಎರಡನೆಯ ದಿನದ ಬಾಡಿಗೆಯೂ ಸಿಗುತ್ತದೆ, ಕಮಲಾಪುರದ ಖಾನಾವಳಿಗೆ ರಾತ್ರಿಯ ಊಟದ ಗಿರಾಕಿ ಸಿಗುತ್ತಾನೆ. ಒಂದು ದಿನದ ಪಟ್ಟಿಯಿಂದ ಲಾಭವಾಗುವುದು ದೂರದ ಊರಿನಲ್ಲಿ ಕೂತು ಪ್ಯಾಕೇಜು ಮಾರುವವರಿಗೆ. ಜನ ಬೇಗ ಬೇಗ ನೋಡಿ ಹೋದರೆ ಸ್ಮಾರಕಗಳಿಗೆ ಒಳ್ಳೆಯದಲ್ಲವೇ ಎನ್ನುವ ವಾದವನ್ನೂ ಕೇಳಿದ್ದೇನೆ. ಬೇಗ ನೋಡುವ ಜನವೆಲ್ಲ ಒಂದೇ ಹೊತ್ತಿಗೆ ಅದೇ ಐದಾರು ಕಡೆ ಮುಗಿಬೀಳುತ್ತಾರೆ. ಮಧ್ಯಾಹ್ನದ ಮೇಲೆ ವಿಠ್ಠಲದ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ, ಅದೇ ಹೊತ್ತಿಗೆ ಅಚ್ಯುತರಾಯನ ಗುಡಿಯ ಅಂಗಳದಲ್ಲಿ ಮೇಕೆಗಳಿರುತ್ತವೆ. ಕಾಲುನೋವಿನ ಅಜ್ಜ ಅಜ್ಜಿಯರನ್ನು ಕರೆತಂದವರಿಗೆ ಕಾರು ಬೇಕೇ ಬೇಕು, ಒಪ್ಪಿದೆ. ಅವರನ್ನು ದಿನಕ್ಕೆ ಹದಿನೆಂಟು ಸಲ ಹತ್ತಿಸಿ ಇಳಿಸುವುದು ಯಾವ ಕರುಣೆ?

ಇರುವುದು ಒಂದೇ ದಿನ ಎಂದಾದರೆ ಮೊದಲು ವಿಠ್ಠಲವನ್ನು ಬಿಡಿ. ಅಲ್ಲಿಯ ಕಲ್ಲಿನ ರಥ ಐವತ್ತರ ನೋಟಿನ ಮೇಲಿದೆ, ಜೇಬಿನಲ್ಲೇ ಇಟ್ಟುಕೊಂಡು ತಿರುಗಬಹುದು. ಅದರ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಈಗ ಎಳೆಯುತ್ತಿರುವ ಆನೆಗಳು ಆಮೇಲೆ ತಂದಿಟ್ಟವು, ಅವುಗಳ ಹಿಂದೆ ಕುದುರೆಗಳ ಬಾಲ ಇನ್ನೂ ಉಳಿದಿದೆ. ಇಷ್ಟನ್ನು ಸೆಲ್ಫಿ ಗದ್ದಲದ ನಡುವೆ ನೋಡಲಾಗುವುದಿಲ್ಲ. ಬದಲಿಗೆ ಹೊಸಪೇಟೆಯಿಂದ ಸರ್ಕಾರಿ ಬಸ್ಸು ಹತ್ತಿ ಹಂಪಿಯಲ್ಲಿ ಇಳಿಯಿರಿ. ಹೇಮಕೂಟ ದಾಟಿ ಕೃಷ್ಣ ದೇವಸ್ಥಾನ, ಅದರ ಎದುರಿನ ಪೇಟೆ, ಪಕ್ಕದ ಪುಷ್ಕರಣಿ, ಅಲ್ಲಿಂದ ಬಡವಿಲಿಂಗ, ಆಮೇಲೆ ಕಾಲುವೆಯ ದಂಡೆ. ಅಷ್ಟೇ. ಮಧ್ಯೆ ಯಾರಾದರೂ ರೈತರು ಸಿಕ್ಕರೆ ನೀರಿನ ಸರದಿಯ ಬಗ್ಗೆ ಕೇಳಿ, ಯಾವ ಗೈಡೂ ಹೇಳದಷ್ಟು ಹೇಳುತ್ತಾರೆ. ಜೀವಂತ ನಗರವನ್ನು ಕಂಡ ಪಾಯಸ್ ಕೂಡ ಗುಡ್ಡ ಹತ್ತಿ ನೋಡಿ, ಬೆಟ್ಟಗಳ ನಡುವೆ ಹರಡಿದ ಈ ಊರು ಪೂರ್ತಿ ಕಾಣುವುದಿಲ್ಲ ಎಂದು ಒಪ್ಪಿಕೊಂಡ. 1980ರಿಂದ ಎರಡು ದಶಕಕ್ಕೂ ಮಿಕ್ಕಿ ಇಲ್ಲಿ ಬೀಡುಬಿಟ್ಟು ಕಲ್ಲುಕಲ್ಲನ್ನು ಅಳೆದ ಜಾನ್ ಫ್ರಿಟ್ಸ್, ಜಾರ್ಜ್ ಮಿಚೆಲ್ ಹಂಪಿ ಮುಗಿಯಿತೆಂದು ಹೇಳಲಿಲ್ಲ. ನಿಮಗೂ ಪೂರ್ತಿ ಆಗದಿದ್ದರೆ ಅವಮಾನವೇನಿಲ್ಲ.

ಸರ್ಕಾರಕ್ಕೆ ನನ್ನದು ದೊಡ್ಡ ಬೇಡಿಕೆಯೂ ಅಲ್ಲ. ವಿಠ್ಠಲದ ಬಾಗಿಲಲ್ಲಿ ಕೊಂಡ ಟಿಕೆಟ್ಟು ಕಮಲ ಮಹಲಿನ ಆವರಣದಲ್ಲೂ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ರಾತ್ರಿ ಉಳಿದು ಮರುದಿನ ಬಂದವನು ಮತ್ತೆ ಕೊಳ್ಳಬೇಕು. ಅಂದರೆ ಓಡು ಓಡು ಎಂದು ಇಲಾಖೆಯೇ ಬೆನ್ನ ಹಿಂದೆ ನಿಂತು ಅಟ್ಟುತ್ತಿದೆ. ಒಮ್ಮೆ ಕೊಂಡ ಟಿಕೆಟ್ಟು ಮೂರು ದಿನ ನಡೆಯಲಿ. ಇದಕ್ಕೆ ಹೊಸ ಪ್ರಾಧಿಕಾರ ಬೇಡ, ಯುನೆಸ್ಕೊ ತಂಡ ಬರಬೇಕಿಲ್ಲ, ಉತ್ಸವದ ವೇದಿಕೆಯಿಂದ ಮಂತ್ರಿಗಳು ಘೋಷಿಸಬೇಕಾಗಿಯೂ ಇಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಂದು ಸುತ್ತೋಲೆ ಸಾಕು.